ಹಳೆಯ ವಾಹನದ ಮಂಕು ದೀಪ: ಕಾರಣ ಮತ್ತು ಪರಿಹಾರ

ಕೊಯ್ಲಿನ ದಿನಗಳಲ್ಲಿ ನಮ್ಮ ಸದಸ್ಯರ ರಾತ್ರಿ ಓಡಾಟ ಹೆಚ್ಚು. ಒಂದೆಡೆ ಅಡಿಕೆ, ಇನ್ನೊಂದೆಡೆ ಕಾಫಿ. ಪಲ್ಪರ್ ನಿಲ್ಲಿಸಿ, ಕೆಲಸದವರನ್ನು ಮನೆಗೆ ಬಿಟ್ಟು ಹಿಂತಿರುಗುವಷ್ಟರಲ್ಲಿ ಕತ್ತಲು ಕವಿದಿರುತ್ತದೆ. ಅನೇಕರ ಬಳಿ ಇಂದಿಗೂ ಇರುವುದು ಹಳೆಯ ಜೀಪು, ಅಂಬಾಸಡರ್ ಅಥವಾ ಮಾರುತಿ 800. ಕೊನೆಯ ಎರಡರ ತಯಾರಿಕೆ 2014ರಲ್ಲೇ ನಿಂತಿತು. ಗಾಡಿಗಳು ಮಾತ್ರ ನಿಂತಿಲ್ಲ. ಇವುಗಳ ದೀಪಗಳೋ, ಹಲವೆಡೆ ಲಾಂದ್ರಕ್ಕಿಂತ ಸ್ವಲ್ಪ ಮೇಲು.

ಇದು ಕೇವಲ ಅನುಕೂಲದ ಪ್ರಶ್ನೆಯಲ್ಲ. ಗಂಟೆಗೆ 40 ಕಿ.ಮೀ. ವೇಗದಲ್ಲಿ ವಾಹನ ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. ಅಡ್ಡ ಬಂದದ್ದನ್ನು ಕಂಡು ಕಾಲು ಬ್ರೇಕಿನ ಮೇಲೆ ಹೋಗುವುದಕ್ಕೆ ಒಂದೂವರೆ ಸೆಕೆಂಡ್ ಹಿಡಿದರೆ ಅಷ್ಟರಲ್ಲೇ 16 ಮೀಟರ್ ಕಳೆಯಿತು. ಒದ್ದೆ ರಸ್ತೆಯಲ್ಲಿ ಗಾಡಿ ನಿಲ್ಲಲು ಇನ್ನು 15 ಮೀಟರ್ ಬೇಕು. ಮಂಕು ದೀಪಕ್ಕೆ 20 ಮೀಟರ್ ಆಚೆ ಏನೂ ಕಾಣದಿದ್ದರೆ, ಕರಿ ಕಂಬಳಿ ಹೊದ್ದು ರಸ್ತೆಯಂಚಿನಲ್ಲಿ ನಡೆಯುವವನ ಗತಿ ಏನು? ಆನೆ ಓಡಾಡುವ ಸಕಲೇಶಪುರ, ಆಲೂರು, ಕೊಡಗಿನ ಕಡೆಯವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೀಪ ಮಂಕಾಯಿತೆಂದರೆ ಬಹಳ ಮಂದಿ ಮಾಡುವ ಮೊದಲ ಕೆಲಸ 100/90 ವ್ಯಾಟಿನ ಬಲ್ಬು ತಂದು ಹಾಕುವುದು. ಇದು ತಪ್ಪು. ದೋಷ ಇರುವುದು ಸಾಮಾನ್ಯವಾಗಿ ಬಲ್ಬಿನಲ್ಲಲ್ಲ, ಬಲ್ಬಿನವರೆಗೆ ಬರುವ ದಾರಿಯಲ್ಲಿ. ಪಂಪ್‌ಸೆಟ್ಟು ಸರಿಯಾಗಿದ್ದರೂ ಪೈಪಿನಲ್ಲಿ ಕಸ ಕಟ್ಟಿದ್ದರೆ ತುದಿಯ ಸ್ಪ್ರಿಂಕ್ಲರ್ ನೀರನ್ನು ದೂರ ಎಸೆಯುವುದಿಲ್ಲವಷ್ಟೆ, ಇಲ್ಲಿಯೂ ಹಾಗೆಯೇ. 60/55 ವ್ಯಾಟಿನ ಎರಡು ಎಚ್-4 ಬಲ್ಬುಗಳು ಬ್ರೈಟ್‌ನಲ್ಲಿ ಸುಮಾರು 10 ಆಂಪಿಯರ್ ಎಳೆಯುತ್ತವೆ. ಹಳೆಯ ವಾಹನಗಳಲ್ಲಿ ಈ ವಿದ್ಯುತ್ತೆಲ್ಲ ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ, ಅಲ್ಲಿಂದ ಡಿಪ್ ಸ್ವಿಚ್ಚಿಗೆ, ಅಲ್ಲಿಂದ ಮುಂದಕ್ಕೆ ಸಣ್ಣ ತಂತಿಗಳಲ್ಲೇ ಸುತ್ತಿ ಬರಬೇಕು. ಜೀಪಿನಲ್ಲಂತೂ ಡಿಪ್ ಸ್ವಿಚ್ಚು ಕಾಲಬುಡದಲ್ಲಿ. ಗದ್ದೆಯ ಕೆಸರು, ತೋಟದ ನೀರು ಎಲ್ಲವೂ ಅದಕ್ಕೆ ನೈವೇದ್ಯ. ನಮ್ಮ ಮಳೆಗಾಲದ ತೇವಕ್ಕೆ ಹಿತ್ತಾಳೆಯ ತುದಿಗಳು ಹಸಿರು ಕಿಲುಬು ಹಿಡಿಯುತ್ತವೆ. ಈ ದಾರಿಯಲ್ಲಿ 0.2 ಓಮ್ ಅಡಚಣೆ ಇದ್ದರೆ ಸಾಕು, 2 ವೋಲ್ಟ್ ಅಲ್ಲೇ ಮಾಯ. ವೋಲ್ಟೇಜ್ ನೂರಕ್ಕೆ 10ರಷ್ಟು ಇಳಿದರೆ ಬೆಳಕು ನೂರಕ್ಕೆ 30ರಷ್ಟು ಇಳಿಯುತ್ತದೆಂಬುದನ್ನು ಮುಖ್ಯವಾಗಿ ಗಮನಿಸಬೇಕು.

ಅಳೆಯುವ ಕ್ರಮ ಸುಲಭ. ಮನೆಯಲ್ಲಿರುವ ಸಾಧಾರಣ ಮಲ್ಟಿಮೀಟರನ್ನು ಡಿ.ಸಿ. 20 ವೋಲ್ಟಿಗೆ ಇಟ್ಟು, ಎಂಜಿನ್ ಸ್ವಲ್ಪ ಏರಿಸಿ, ದೀಪ ಹಾಕಿ ಬ್ಯಾಟರಿಯ ಎರಡು ತುದಿಗಳನ್ನು ನೋಡಿ. 13.8ರಿಂದ 14.4 ಇರಬೇಕು. ಇದಕ್ಕಿಂತ ಬಹಳ ಕಡಿಮೆ ಇದ್ದರೆ ಆಲ್ಟರ್ನೇಟರ್, ಬೆಲ್ಟ್ ಅಥವಾ ಬ್ಯಾಟರಿಯ ಕಡೆ ಗಮನ ಕೊಡಬೇಕು. ಅದು ಸರಿಯಿದ್ದರೆ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ಸಿಗೂ ಇನ್ನೊಂದನ್ನು ಬಲ್ಬಿನ ಹೋಲ್ಡರಿನಲ್ಲಿ ಉರಿಯುತ್ತಿರುವ ತಂತಿಗೂ ಮುಟ್ಟಿಸಿ. ನಂತರ ಬ್ಯಾಟರಿಯ ಮೈನಸ್ಸಿಗೂ ಬಲ್ಬಿನ ಅರ್ತ್ ತುದಿಗೂ ಮುಟ್ಟಿಸಿ. ಎರಡೂ ಸೇರಿ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ರಿಪೇರಿ ಬೇಕು. ಇದನ್ನು ದೀಪ ಉರಿಯುತ್ತಿರುವಾಗಲೇ ಅಳೆಯಬೇಕು. ಬಲ್ಬು ಕಳಚಿ ನೋಡಿದರೆ ವಿದ್ಯುತ್ತು ಹರಿಯುವುದೇ ಇಲ್ಲವಾದ್ದರಿಂದ ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ.

ಮೊದಲು ಅರ್ತ್ ನೋಡಿಕೊಳ್ಳಿ, ಅದಕ್ಕೆ ಖರ್ಚಿಲ್ಲ. ತಂತಿ ಬಾಡಿಗೆ ಸೇರುವಲ್ಲಿ ಬೋಲ್ಟು ಬಿಚ್ಚಿ, ಪೇಂಟು ತುಕ್ಕು ಹೋಗುವಂತೆ ಎಮರಿ ಪೇಪರಿನಿಂದ ಉಜ್ಜಿ, ಬಿಗಿದು, ಮೇಲೆ ವ್ಯಾಸಲಿನ್ ಸವರಬೇಕು. ಎಷ್ಟೋ ಗಾಡಿಗಳ ಕಾಯಿಲೆ ಇಷ್ಟಕ್ಕೇ ವಾಸಿಯಾಗುತ್ತದೆ.

ಪ್ಲಸ್ ಕಡೆ ನಷ್ಟವಿದ್ದರೆ ರಿಲೇ ಹಾಕಿಸುವುದೇ ಸರಿಯಾದ ಉಪಾಯ. ಬ್ರೈಟಿಗೊಂದು, ಡಿಪ್ಪಿಗೊಂದು, ಹೀಗೆ ಎರಡು ಬೇಕು. ರಿಲೇಯ 30ನೇ ತುದಿಗೆ ಬ್ಯಾಟರಿಯಿಂದ ನೇರ 2.5 ಚದರ ಮಿ.ಮೀ. ತಂತಿ, 87ರಿಂದ ಬಲ್ಬುಗಳಿಗೆ ಅದೇ ದಪ್ಪದ ತಂತಿ. ಹಿಂದೆ ಬಲ್ಬಿಗೆ ಹೋಗುತ್ತಿದ್ದ ಹಳೆಯ ತಂತಿ 86ಕ್ಕೆ, 85 ಅರ್ತಿಗೆ. ಇನ್ನು ಮೇಲೆ ಸ್ವಿಚ್ಚು ಹೊರಬೇಕಾದದ್ದು ರಿಲೇಯನ್ನು ಎಳೆಯುವಷ್ಟು ಅಲ್ಪ ವಿದ್ಯುತ್ತು ಮಾತ್ರ. ಆದ್ದರಿಂದ ಅದೂ ಸುಡುವುದಿಲ್ಲ. ಪ್ರತಿ ರಿಲೇಗೂ ಬ್ಯಾಟರಿಯ ಹತ್ತಿರದಲ್ಲೇ 15 ಆಂಪಿಯರ್ ಫ್ಯೂಸು ಇರಲೇಬೇಕು. ಕೆಲವು ಮೆಕ್ಯಾನಿಕ್‌ಗಳು ಇದನ್ನು ಬಿಡುತ್ತಾರೆ, ಬಿಡಗೊಡಬಾರದು. ಶೆಡ್ಡಿನಲ್ಲಿ ಇಲಿ ತಂತಿ ಕಡಿದರೆ ಫ್ಯೂಸಿಲ್ಲದ ಗಾಡಿ ಹೊತ್ತಿಕೊಳ್ಳಬಹುದು.

ಒಳಗಿನ ಪ್ರತಿಫಲಕ ಮಸುಕಾಗಿದ್ದರೆ ಬಟ್ಟೆಯಿಂದ ಒರೆಸಬೇಡಿ. ಬೆಳ್ಳಿಯಂತಹ ಲೇಪನ ಬಟ್ಟೆಗೇ ಬಂದುಬಿಡುತ್ತದೆ. ಅಂಥ ದೀಪವನ್ನು ಬದಲಿಸುವುದೇ ಲೇಸು. ಕೊಳ್ಳುವಾಗ ನಮ್ಮ ಎಡಬದಿ ಸಂಚಾರಕ್ಕೆ ಮಾಡಿದ್ದೇ ಎಂದು ವಿಚಾರಿಸಿ; ಇಲ್ಲವಾದರೆ ಡಿಪ್ ಬೆಳಕು ಎದುರಿನವನ ಕಣ್ಣಿಗೆ ಏರುತ್ತದೆ. ಹೊಸ ಎಚ್-4 ಬಲ್ಬಿನ ಗಾಜನ್ನು ಬೆರಳಿನಿಂದ ಮುಟ್ಟಬಾರದು. 100 ವ್ಯಾಟಿನ ಬಲ್ಬು ಹೋಲ್ಡರನ್ನು ಕರಗಿಸುತ್ತದೆ. ಹಳೆಯ ಪ್ರತಿಫಲಕದೊಳಗೆ ತುರುಕುವ ಎಲ್‌ಇಡಿ ಬಲ್ಬುಗಳ ಬಗ್ಗೆಯೂ ನನಗೆ ಒಲವಿಲ್ಲ: ಫಿಲಮೆಂಟ್ ಇದ್ದ ಜಾಗದಲ್ಲೇ ಸರಿಯಾಗಿ ಬೆಳಕು ಹುಟ್ಟದಿದ್ದರೆ ಅದು ಚದುರಿ, ಘಾಟಿಯ ಮಂಜಿನಲ್ಲಿ ಎದುರಿಗೆ ಬಿಳಿಗೋಡೆ ಎದ್ದಂತಾಗುತ್ತದೆ.

ಕಡೆಯದಾಗಿ ದೀಪದ ನೇರ. ಸಮತಟ್ಟಾದ ಕಣದಲ್ಲಿ ಗೋಡೆಯಿಂದ 10 ಮೀಟರ್ ದೂರ ಗಾಡಿ ನಿಲ್ಲಿಸಿ ಡಿಪ್ ಹಾಕಿದರೆ, ಬೆಳಕಿನ ಮೇಲಂಚು ದೀಪದ ನಡುಮಟ್ಟಕ್ಕಿಂತ ಸುಮಾರು 10 ಸೆಂ.ಮೀ. ಕೆಳಗೆ ಬೀಳಬೇಕು. ಹಿಂದೆ ಚೀಲ ತುಂಬಿದಾಗ ಜೀಪಿನ ಮೂತಿ ಮೇಲೇಳುವುದರಿಂದ, ಕೊಯ್ಲಿನ ಕಾಲದಲ್ಲಿ ಎಂದಿನಷ್ಟು ಹೊರೆ ಹೇರಿಕೊಂಡೇ ಈ ಪರೀಕ್ಷೆ ಮಾಡಿ ತಿರುಪು ಸರಿಪಡಿಸಿಕೊಳ್ಳತಕ್ಕದ್ದು.