ಗರ್ನಾಚಾ: ಕಿತ್ತೆಸೆದ ಬಳ್ಳಿಯ ಕೆಂಪು ವೈನ್

ಸ್ಪೇನಿನ ಕೆಂಪು ವೈನ್ ಎಂದೊಡನೆ ಬಲ್ಲವರ ಬಾಯಿಗೆ ಬರುವ ಹೆಸರು ರಿಯೋಹಾ ಮತ್ತು ಅಲ್ಲಿನ ತೆಂಪ್ರನಿಯೊ ದ್ರಾಕ್ಷಿ. ಅದರ ಪಕ್ಕದಲ್ಲೇ ಬಹುಕಾಲ ಕೂಲಿಯಾಳಿನಂತೆ ದುಡಿದ ಇನ್ನೊಂದು ದ್ರಾಕ್ಷಿಯಿದೆ. ಅದೇ ಗರ್ನಾಚಾ, ಫ್ರೆಂಚರಿಗೆ ಗ್ರೆನಾಶ್. ಬೇರೆ ವೈನಿನ ಮದ್ಯಾಂಶ ಏರಿಸಲು ಇದನ್ನು ಬೆರೆಸುತ್ತಿದ್ದರೇ ಹೊರತು ಬಾಟಲಿಯ ಮೇಲೆ ಇದರ ಹೆಸರು ಬರುತ್ತಿದ್ದುದು ಅಪರೂಪ. ಇಂದು ಇದೊಂದರಿಂದಲೇ ತಯಾರಾದ ವೈನ್‌ಗಳನ್ನು ಸಾಲಾಗಿಟ್ಟು ಸವಿಯುವ ರಸಿಕರಿದ್ದಾರೆ.

ಈಶಾನ್ಯ ಸ್ಪೇನಿನ ಅರಾಗೋನ್ ಇದರ ತವರೆಂದು ಹೆಚ್ಚಿನವರ ಅಭಿಪ್ರಾಯ. ಇಟಲಿಯ ಸಾರ್ಡೀನಿಯಾದವರು ಇದನ್ನು ಒಪ್ಪುವುದಿಲ್ಲ. ಬೇಗ ಚಿಗುರಿ ತಡವಾಗಿ ಮಾಗುವ ಈ ಹಣ್ಣಿಗೆ ದೀರ್ಘ ಬೇಸಗೆ ಬೇಕು. ಬರಕ್ಕೂ ಬಿರುಗಾಳಿಗೂ ಜಗ್ಗದ ಜಾತಿ. ವಿಜಯಪುರದ ದ್ರಾಕ್ಷಿ ಚಪ್ಪರ ಕಂಡವರಿಗೆ ಅಲ್ಲಿನ ಹಳೆಯ ತೋಟಗಳು ಅಚ್ಚರಿ ತಂದಾವು. ಚಪ್ಪರವಿಲ್ಲ, ತಂತಿಯಿಲ್ಲ, ಗಿಡ್ಡನೆಯ ಗಂಟುಗಂಟಾದ ಬುಡ, ಅದರ ಮೇಲೆ ಪೊದೆಯಂತೆ ಹರಡಿದ ಟಿಸಿಲು.

ಬಳ್ಳಿ ಮುದಿಯಾದಂತೆ ಇಳುವರಿ ಕುಗ್ಗುತ್ತದೆ. ತೂಕ ನೋಡಿ ಹಣ ಎಣಿಸುವ ಕಾಲದಲ್ಲಿ ರೈತನಿಗೆ ಅದು ನಷ್ಟದ ಬಾಬು. 1986ರಲ್ಲಿ ಸ್ಪೇನ್ ಯುರೋಪಿಯನ್ ಸಮುದಾಯ ಸೇರಿತು. 1988ರಿಂದ ಬಳ್ಳಿ ಕಿತ್ತವರಿಗೆ ಸಮುದಾಯವೇ ಸಹಾಯಧನ ಕೊಡತೊಡಗಿತು. ಅಜ್ಜ ನೆಟ್ಟದ್ದನ್ನು ಮೊಮ್ಮಗ ಕಿತ್ತ. ತಪ್ಪೆನ್ನಲು ನಾವ್ಯಾರು? ಹೊಟ್ಟೆಪಾಡು. ಆದರೆ ಆ ಕೆಲವೇ ಗೊಂಚಲುಗಳ ರಸ ಎಷ್ಟು ಗಟ್ಟಿಯೆಂಬುದು ಲೋಕಕ್ಕೆ ತಿಳಿದದ್ದು ತಡವಾಗಿ. ಕತಲೋನಿಯಾದ ಪ್ರಿಯೊರಾತ್‌ನಲ್ಲಿ ಆಲ್ವಾರೊ ಪಲಾಸಿಯೊಸ್ ಅವರು ಹಳೆಯ ತೋಟವೊಂದರ ಗರ್ನಾಚಾವನ್ನೇ ಮುಖ್ಯವಾಗಿ ಬಳಸಿ 1993ರಲ್ಲಿ ‘ಲೆರ್ಮಿತಾ’ ತಯಾರಿಸಿದರು. ಅದು ಸ್ಪೇನಿನ ಅತಿ ದುಬಾರಿ ವೈನ್‌ಗಳಲ್ಲೊಂದಾಯಿತು. ಅಷ್ಟರಲ್ಲಿ ಎಷ್ಟೋ ತೋಟಗಳು ಸೌದೆಯಾಗಿದ್ದವು.

ಸವಿಯಲು ಮೂರು ಬಾಟಲಿ ಸಾಕು. ಮೊದಲು ಮ್ಯಾಡ್ರಿಡಿನ ಪಶ್ಚಿಮಕ್ಕಿರುವ ಗ್ರೆದೊಸ್ ಬೆಟ್ಟಗಳದ್ದು. ಗ್ರಾನೈಟ್ ನೆಲ, ಕೆಲವೆಡೆ ಸಾವಿರ ಮೀಟರಿಗೂ ಮಿಕ್ಕ ಎತ್ತರ. ಬಣ್ಣ ತೆಳು, ನಮ್ಮ ಪುನರ್ಪುಳಿ ಶರಬತ್ತನ್ನು ನೆನಪಿಸುವಂಥದ್ದು. ಮೂಗಿಗೆ ಸ್ಟ್ರಾಬೆರಿ, ಒಣ ಸೊಪ್ಪಿನ ಕಂಪು. ಅನಂತರ ಅರಾಗೋನಿನ ಮೊಂಕಾಯೊ ಪರ್ವತದ ಬುಡದಲ್ಲಿರುವ ಕಾಂಪೊ ದೆ ಬೋರ್ಹಾದ್ದು: ಚೆನ್ನಾಗಿ ಮಾಗಿದ ಹಣ್ಣು, ಕೊನೆಯಲ್ಲಿ ಮೆಣಸಿನ ಸುಳಿವು. ಬೆಲೆಯಲ್ಲೂ ಇದು ಸಾಮಾನ್ಯವಾಗಿ ಹಗುರ. ಕೊನೆಗೆ ಪ್ರಿಯೊರಾತ್. ಬಾಲ್ಯದಲ್ಲಿ ನಾವು ಬರೆದ ಸ್ಲೇಟಿನಂಥ ಪದರುಕಲ್ಲಿನ ಕಡಿದಾದ ಇಳಿಜಾರಿನ ಬೆಳೆ, ದಟ್ಟ, ಗಡುಸು. ಅಲ್ಲಿ ಕರಿನ್ಯೇನಾ ದ್ರಾಕ್ಷಿ ಬೆರೆಸುವ ವಾಡಿಕೆಯಿರುವುದರಿಂದ ಲೇಬಲ್ ಓದಿಯೇ ಕೊಳ್ಳಬೇಕು. ಗರ್ನಾಚಾದ ಸಿಪ್ಪೆ ತೆಳು. ಅಡಿಕೆ ಜಗಿದಾಗಿನಂಥ ಒಗರು ಸಾಮಾನ್ಯವಾಗಿ ಕಡಿಮೆ.

ಒಂದು ಎಚ್ಚರಿಕೆ. ಈ ವೈನ್‌ಗಳಲ್ಲಿ ಮದ್ಯಾಂಶ ಹಲವೊಮ್ಮೆ ಶೇ. 14ರಿಂದ 15. ಮುಂಬಯಿಯ ಸೆಕೆಯಲ್ಲಿ ಹಾಗೆಯೇ ಸುರಿದರೆ ಹಣ್ಣಿನ ಕಂಪು ಅಡಗಿ ಬರೀ ಘಾಟು ಮೂಗಿಗಡರುತ್ತದೆ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ. ಗ್ಲಾಸಿನ ಮೂರನೇ ಒಂದು ಪಾಲು ಮಾತ್ರ ತುಂಬಿ, ತಿರುಗಿಸಿ, ಮೂಸಿ, ಆಮೇಲೆ ಗುಟುಕು. ಪರಿಣತರು ಸವಿದು ಉಗುಳುತ್ತಾರೆ. ಕಾರು ಓಡಿಸುವವರಿಗೂ ಅದೇ ಕ್ರಮ. ಮೂರನೆಯದು ಮುಗಿದ ಬಳಿಕ ಗ್ರೆದೊಸ್‌ನ ಗ್ಲಾಸಿಗೆ ಮತ್ತೊಮ್ಮೆ ಮರಳಿ ನೋಡಿ.