ಹಸಿರು ಮಾನಿಟರ್ ಇಳಿದ ಮಧ್ಯಾಹ್ನ

ತಕ್ಕಡಿ ಬಂದದ್ದು ಕೆಳಗಿನ ದಿನಸಿ ಅಂಗಡಿಯಿಂದ. ಬೆಲ್ಲದ ಪುಡಿ ಇನ್ನೂ ಅಂಟಿಕೊಂಡಿದ್ದ ಸ್ಟೀಲ್ ತಟ್ಟೆಯ ಮೇಲೆ ಹಳೆಯ ಮಾನಿಟರ್ ಕೂತಾಗ ಕೆಂಪು ಅಂಕಿ 2.250ಕ್ಕೆ ನಿಂತಿತು. ಹೊಸದನ್ನಿಟ್ಟರೆ 0.900.

"ಒಂದೂಕಾಲು ಕೇಜಿ ಮೇಲೆ ಉಳೀತಲ್ಲ ಅಣ್ಣ!" ಅಂದ ಅಸಿಸ್ಟೆಂಟ್ ಹುಡುಗ. ಇಪ್ಪತ್ತು ವರ್ಷ ಸ್ಟೆಡಿಕ್ಯಾಮ್ ಹೊತ್ತ ಸೊಂಟ ನನ್ನ ಗೆಳೆಯನದು. ಖುಷಿಪಡಬೇಕಾದವನು ಹುಬ್ಬು ಗಂಟಿಕ್ಕಿ ನಿಂತಿದ್ದ.

ಗಾಂಧಿನಗರದ ಹಿಂದಿನ ಬೀದಿಯೊಂದರ ಮೂರನೇ ಮಹಡಿ. ಕಿಟಕಿಯ ಪಕ್ಕ ಸ್ಟ್ಯಾಂಡಿಗೆ ನೇತುಬಿದ್ದ ಸ್ಟೆಡಿಕ್ಯಾಮಿನ ಸ್ಲೆಡ್. ನೋಡಲು ಸರಳ: ಒಂದು ಕಾರ್ಬನ್ ಫೈಬರ್ ಕೊಳವೆ, ನೆತ್ತಿಯ ಮೇಲೆ ಕ್ಯಾಮೆರಾ, ಬುಡದಲ್ಲಿ ಮುಂದಕ್ಕೆ ಮಾನಿಟರ್, ಹಿಂದಕ್ಕೆ ಬ್ಯಾಟರಿ. ಕ್ಯಾಮೆರಾದ ಕೆಳಗೆ, ಬೆರಳು ಸೋಕಿದರೂ ತಿರುಗುವ ಗಿಂಬಲ್. ಅದನ್ನು ಸ್ಪ್ರಿಂಗ್ ತೋಳು ಎತ್ತಿ ಹಿಡಿಯುತ್ತದೆ, ತೋಳನ್ನು ಮೈಗೆ ಬಿಗಿದ ವೆಸ್ಟ್ ಹೊರುತ್ತದೆ. ವ್ಯೂಫೈಂಡರಿಗೆ ಕಣ್ಣೊತ್ತುವಂತಿಲ್ಲ, ಒತ್ತಿದರೆ ಪ್ರತಿ ಹೆಜ್ಜೆಯ ಕುಲುಕೂ ಚಿತ್ರಕ್ಕೆ ಇಳಿಯುತ್ತದೆ. ಅದಕ್ಕೇ ಬುಡದಲ್ಲೊಂದು ಪರದೆ. ಕತ್ತು ಬಗ್ಗಿಸಿದರೆ ಫ್ರೇಮೂ ಕಾಣಬೇಕು, ಮುಂದಿನ ಮೆಟ್ಟಿಲೂ ಕಾಣಬೇಕು.

1970ರ ದಶಕದಲ್ಲಿ ಅಮೆರಿಕದ ಗ್ಯಾರೆಟ್ ಬ್ರೌನ್ ಮೊದಲ ಸ್ಟೆಡಿಕ್ಯಾಮ್ ಕಟ್ಟುವಾಗ ಅವನಿಗೂ ಕಣ್ಣಿನದೇ ತಲೆನೋವು. ಮೊದಲು ಫೈಬರ್ ಆಪ್ಟಿಕ್ ಎಳೆಗಳಲ್ಲಿ ಚಿತ್ರವನ್ನು ಕಣ್ಣಿನವರೆಗೆ ತಂದ, ಆಮೇಲೆ ಪುಟ್ಟ ವಿಡಿಯೊ ಪರದೆಗೆ ಬಂದ. ಪರೀಕ್ಷೆಗೆಂದು ಗೆಳತಿಯನ್ನು ಫಿಲಡೆಲ್ಫಿಯಾದ ಕಲಾ ಮ್ಯೂಸಿಯಮ್ಮಿನ ಮೆಟ್ಟಿಲ ಮೇಲೆ ಓಡಿಸಿ, ತಾನೂ ಹಿಂದೆ ಓಡಿ ಚಿತ್ರೀಕರಿಸಿದ್ದ. 1976ರ 'ರಾಕಿ'ಯಲ್ಲಿ ನಾಯಕ ಹತ್ತುವುದು ಅದೇ ಮೆಟ್ಟಿಲು.

ಗೆಳೆಯನ ಹಳೆಯ ಮಾನಿಟರ್ ಆ ವಂಶದ್ದೇ. ಗಾಜಿನ ಟ್ಯೂಬು, ಬಣ್ಣವಿಲ್ಲ, ಎಲ್ಲವೂ ಹಸಿರು. ನಾಯಕಿಯ ರೇಷ್ಮೆ ಸೀರೆಯೂ ಹಸಿರು, ಖಳನಾಯಕನ ರಕ್ತವೂ ಹಸಿರು. ಕಾರಣವುಂಟು: ನಮ್ಮ ಕಣ್ಣು ಹಸಿರನ್ನೇ ಎಲ್ಲಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ನೆತ್ತಿ ಸುಡುವ ಬಿಸಿಲಲ್ಲೂ ಚಿತ್ರ ಮಾಸುತ್ತಿರಲಿಲ್ಲ. ಆದರೆ ಈಗಿನ ಕ್ಯಾಮೆರಾದ ಡಿಜಿಟಲ್ ಸಿಗ್ನಲ್ ಅದಕ್ಕೆ ತಿಳಿಯದು. ನಡುವೆ ಒಂದು ಕನ್ವರ್ಟರ್ ಡಬ್ಬಿ ಬೇಕು, ಅದಕ್ಕೊಂದು ಕೇಬಲ್, ಅದರ ಬಿಸಿ ಬೇರೆ. ಟ್ಯೂಬಿನ ಮೂಲೆಗಳೂ ಮಂಕಾಗಿದ್ದವು. ಬಿಡಿಭಾಗ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ.

ಅಲೆನ್ ಕೀ ನಾಲ್ಕು ಸುತ್ತು ತಿರುಗಿತು. ಹಳೆಯದು ಇಳಿಯಿತು, ಹೊಸ ಏಳಿಂಚಿನದು ಏರಿತು. ಗೆಳೆಯ ಗಿಂಬಲ್ಲನ್ನು ಹಿಡಿದು ಕೊಳವೆಯನ್ನು ಅಡ್ಡ ಮಲಗಿಸಿ ಬಿಟ್ಟ. ಎರಡು ಮೂರು ಸೆಕೆಂಡಿನಲ್ಲಿ ಬುಡ ಸಾವಕಾಶ ಕೆಳಗಿಳಿದು ನೆಟ್ಟಗಾಗಬೇಕು. ಕ್ಯಾಮೆರಾವೇ ನೆಲದತ್ತ ಮುಗ್ಗರಿಸಿತು! ಹುಡುಗ ಎರಡೂ ಕೈ ಚಾಚಿ ಹಿಡಿಯದಿದ್ದರೆ ಲೆನ್ಸಿನ ಗತಿ ಅಷ್ಟೇ. ಪರದೆಯೆಂದು ನಾನು ತಿಳಿದಿದ್ದುದು ಇಷ್ಟು ವರ್ಷ ಕ್ಯಾಮೆರಾಗೆ ಎದುರು ತೂಕವಾಗಿ ದುಡಿಯುತ್ತಿತ್ತು.

ಗಿಂಬಲ್ಲನ್ನು ಕೂದಲೆಳೆಯಷ್ಟು ಮೇಲೇರಿಸಿದರು, ಇನ್ನಷ್ಟು ಏರಿಸಿದರು. ಈ ಬಾರಿ ನೆಟ್ಟಗೆ ನಿಂತಿತು. ಆದರೆ ಬುಗುರಿಯಂತೆ ಒಂದು ಸುತ್ತು ತಿರುಗಿಸಿದಾಗ ಕೊಳವೆ ಹೊಟ್ಟೆ ತುಂಬ ಕುಡಿದವನ ಹಾಗೆ ತೂರಾಡಿತು. ಮುಂದಿನ ಮಾನಿಟರ್ ಹಗುರಾದದ್ದಕ್ಕೆ ಹಿಂದಿನ ಬ್ಯಾಟರಿಯನ್ನು ಒಳಕ್ಕೆ ತಳ್ಳಬೇಕಾಯಿತು. ತೂರಾಟ ನಿಂತಿತು, ಗೆಳೆಯನ ಮುಖ ಮಾತ್ರ ಸಡಿಲಾಗಲಿಲ್ಲ. ಭಾರವೆಲ್ಲ ಕೊಳವೆಯ ಹತ್ತಿರ ಸರಿದರೆ ಸ್ಲೆಡ್ ಚುರುಕಾಗುತ್ತದೆ, ಬೇಡದಷ್ಟು ಚುರುಕು. "ಉಸಿರು ಬಿಟ್ರೂ ಪ್ಯಾನ್ ಆಗತ್ತೆ ಕಣೋ ಇದು," ಅಂದ.

ಹುಡುಗ ಲೇತ್ ಅಂಗಡಿಗೆ ಓಡಿದ. ಹಿತ್ತಾಳೆಯ ಎರಡು ಪಟ್ಟಿ, ತಕ್ಕಡಿಯ ಲೆಕ್ಕದಲ್ಲಿ 700 ಗ್ರಾಂ, ಹೊಸ ಮಾನಿಟರಿನ ಬೆನ್ನಿಗೆ ಕೂತವು. ಬ್ಯಾಟರಿ ಮತ್ತೆ ಹಿಂದೆ ಸರಿಯಿತು.

"ದುಡ್ಡು ಕೊಟ್ಟು ಹಗುರ ಮಾಡ್ಕೊಂಡ್ವಿ, ಈಗ ದುಡ್ಡು ಕೊಟ್ಟು ಭಾರ ಹಾಕ್ಕೊಂಡ್ವಾ ಅಣ್ಣ?"

"ಬಿಗಿಯಾಗಿ ಕೂರ್ಸು, ಅಲ್ಲಾಡ್ಬಾರ್ದು."

ತಾರಸಿಗೆ ಹೋದೆವು. ಒಂದೂವರೆ ಗಂಟೆಯ ಬಿಸಿಲು. ಮೊಬೈಲಿನಲ್ಲಿ ಸಮಯ ನೋಡಲೂ ಅಂಗೈ ಮರೆ ಮಾಡಬೇಕು. ಹೊಸ ಪರದೆಯಲ್ಲಿ ಮಾತ್ರ ತಂತಿಯ ಮೇಲಿನ ಕುಂಕುಮ ಬಣ್ಣದ ಸೀರೆ ಕುಂಕುಮವಾಗಿಯೇ ಇತ್ತು. ಗೆಳೆಯ ವೆಸ್ಟ್ ಬಿಗಿದು ಹೊರಟ. ಸೀರೆಗಳ ನಡುವೆ ನುಸುಳಿ, ನೀರಿನ ಟ್ಯಾಂಕ್ ಬಳಸಿ, ತುಳಸಿ ಕುಂಡದ ಮುಂದೆ ಗಕ್ಕನೆ ನಿಂತ. ಕುಂಡ ಫ್ರೇಮಿನ ನಡುವಿನಿಂದ ಒಂದು ಕೂದಲು ಎಡಕ್ಕೆ ಹೋಗಿತ್ತು.

"ತಡ ಇದೆ," ಅಂದ. ನನಗೇನೂ ಕಾಣಲಿಲ್ಲ. ಟ್ಯೂಬಿನಲ್ಲಿ ಚಿತ್ರ ಬಂದ ಕ್ಷಣವೇ ಬೀಳುತ್ತಿತ್ತು. ಡಿಜಿಟಲ್ ಪರದೆ ಅದನ್ನು ಜೀರ್ಣಿಸಿಕೊಂಡು ತೋರಿಸುವಷ್ಟರಲ್ಲಿ ಒಂದು ಫ್ರೇಮ್ ಜಾರಿರಬಹುದು. ಸೆಕೆಂಡಿಗೆ 24 ಫ್ರೇಮ್ ಎಂದರೆ ಒಂದಕ್ಕೆ ಸುಮಾರು 42 ಮಿಲಿಸೆಕೆಂಡ್. ಅಷ್ಟನ್ನು ಅಳೆಯುವ ಬೆರಳು ನನಗಂತೂ ಇಲ್ಲ. ಅವನು ಮತ್ತೆ ನಡೆದ, ಮತ್ತೂ ನಡೆದ. ಆರನೆಯ ಸಲ ಒಂದಿಷ್ಟು ಮೊದಲೇ ಕೈ ತಡೆದ. ತುಳಸಿ ನಟ್ಟನಡುವೆ ನಿಂತಿತು.

ಏಳನೆಯ ಸಲ ಫ್ರೇಮಿನೊಳಕ್ಕೆ ಒಬ್ಬ ಪೋರ ನಡೆದು ಬಂದ. ಗೆಳೆಯ ಅವನನ್ನೇ ಹಿಂಬಾಲಿಸಿ, ಅರ್ಧ ಸುತ್ತು ಬಳಸಿ, ಎದುರಿಗೆ ಹೋಗಿ ನಿಂತ. ಪರದೆಯಲ್ಲಿ ಪೋರನ ಹಣೆಯ ವಿಭೂತಿ, ಬೆವರಿನ ಹನಿ ಎಲ್ಲ ಸ್ಪಷ್ಟ.

"ಅಂಕಲ್, ಅಂಗ್ಡೀಲಿ ಗಿರಾಕಿ ಕಾಯ್ತಾವ್ರೆ. ತಕ್ಕಡಿ ಕೊಡ್ಬೇಕಂತೆ."