ಶಿಸ್ತ್ ಲೋ!

ಎನ್.ಸಿ.ಸಿ. ಸೇರಿದ ಹೊಸತು. ಬೆಳಿಗ್ಗೆ ಏಳಕ್ಕೆಲ್ಲ ಫೈರಿಂಗ್ ರೇಂಜಿನಲ್ಲಿ ಬೋರಲು ಮಲಗಿದ್ದೆ. ಮುಂದೆ ಮರಳಿನ ಚೀಲ, ಕೈಯಲ್ಲಿ ಪಾಯಿಂಟ್ ಟೂ-ಟೂ ರೈಫಲ್, 25 ಗಜದಾಚೆ ಟಾರ್ಗೆಟ್ಟು. ಹವಾಲ್ದಾರ್ ಸಾಹೇಬರು ಹಿಂದಿನಿಂದ “ಶಿಸ್ತ್ ಲೋ!” ಎಂದು ಗದರಿದರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಆಡುವ ಪುಣೆಯ ಹುಡುಗ ನಾನು. ಎರಡರಲ್ಲೂ ಶಿಸ್ತು ಅಂದರೆ ಅಚ್ಚುಕಟ್ಟು, ಡಿಸಿಪ್ಲಿನ್. ಅಂಗಿಯ ಗುಂಡಿ ಬಿಚ್ಚಿದೆಯೇನೋ ಅಂತ ತಡವಿ ನೋಡಿಕೊಂಡೆ! ಪಕ್ಕದವನು ಕಿಸಕ್ಕನೆ ನಕ್ಕ. ಫೌಜಿನ ಹಿಂದಿಯಲ್ಲಿ ‘ಶಿಸ್ತ್ ಲೇನಾ’ ಎಂದರೆ ಗುರಿ ಹಿಡಿಯುವುದು ಎಂದು ಆಮೇಲೆ ತಿಳಿಯಿತು.

ಗುರಿ ಹಿಡಿಯುವುದೇನು ಮಹಾ? ದ್ರೋಣರ ಪರೀಕ್ಷೆಯಲ್ಲಿ ಅರ್ಜುನನಿಗೆ ಹಕ್ಕಿಯ ಕಣ್ಣೊಂದೇ ಕಂಡಿತಂತೆ. ನಾವೂ ಟಾರ್ಗೆಟ್ಟಿನ ಕಪ್ಪು ಬೊಟ್ಟನ್ನೇ ದಿಟ್ಟಿಸಿದರಾಯಿತು ಅಂತ ನನ್ನ ಲೆಕ್ಕ. ರೈಫಲ್ಲಿನ ಲೆಕ್ಕ ಬೇರೆ. ಕಣ್ಣಿನ ಹತ್ತಿರ ಒಂದು ಸೈಟ್, ನಳಿಗೆಯ ತುದಿಯಲ್ಲಿ ಇನ್ನೊಂದು, ದೂರದಲ್ಲಿ ಟಾರ್ಗೆಟ್. ಮೂರನ್ನೂ ಒಟ್ಟಿಗೆ ಸ್ಪಷ್ಟವಾಗಿ ಕಾಣುವ ಶಕ್ತಿ ಮನುಷ್ಯನ ಕಣ್ಣಿಗಿಲ್ಲ. ಹಾಗಾಗಿ ನೋಡಬೇಕಾದ್ದು ನಳಿಗೆಯ ತುದಿಯ ಫೋರ್‌ಸೈಟನ್ನು. ಟಾರ್ಗೆಟ್ ಮಸುಕಾದರೆ ಆಗಲಿ.

ಕಾರಣ ಹೈಸ್ಕೂಲ್ ಗಣಿತವೇ. ಇಡೀ ರೈಫಲ್ 1 ಮಿಲಿಮೀಟರ್ ಪಕ್ಕಕ್ಕೆ ನೇರವಾಗಿ ಸರಿದರೆ ಗುಂಡು ತಪ್ಪುವುದೂ 1 ಮಿಲಿಮೀಟರೇ. ಆದರೆ ಎರಡು ಸೈಟುಗಳ ನಡುವೆ ಅರ್ಧ ಮೀಟರ್ ಅಂತರವಿದ್ದು, ಫೋರ್‌ಸೈಟ್ ಮಾತ್ರ 1 ಮಿಲಿಮೀಟರ್ ಓರೆಯಾದರೆ? 25 ಮೀಟರ್ ದೂರದಲ್ಲಿ ಗುಂಡು 5 ಸೆಂಟಿಮೀಟರ್ ಆಚೆ ಬೀಳುತ್ತದೆ! ತಪ್ಪು ಹುಟ್ಟುವುದು ನಮ್ಮ ಬಳಿ, ಬೆಳೆಯುವುದು ದೂರ ಹೋದಂತೆ.

ಇನ್ನು ಉಸಿರು. ಉಸಿರೆಳೆದರೆ ಎದೆ ಏರುತ್ತದೆ, ಎದೆಯೊಡನೆ ರೈಫಲ್ಲೂ ಏರುತ್ತದೆ. ಉಸಿರು ಬಿಟ್ಟು, ಮತ್ತೆ ಎಳೆಯುವ ಮುಂಚಿನ ಆ ನಾಲ್ಕಾರು ಸೆಕೆಂಡುಗಳಲ್ಲೇ ಕೆಲಸ ಮುಗಿಯಬೇಕು. ಟ್ರಿಗರನ್ನು ಎಳೆಯಬಾರದು, ನಿಂಬೆಹಣ್ಣು ಹಿಂಡಿದ ಹಾಗೆ ನಿಧಾನವಾಗಿ ಒತ್ತಬೇಕು. ‘ಈಗ ಹಾರುತ್ತೆ’ ಅಂತ ಗೊತ್ತಾದರೆ ಭುಜ ತಾನಾಗಿ ಬೆದರುತ್ತದೆ. ಹಾರಿದ್ದು ಹೊಡೆದವನಿಗೇ ಆಶ್ಚರ್ಯವಾದರೆ ಅದು ಒಳ್ಳೇ ಹೊಡೆತ.

ಅವತ್ತು ನನ್ನ ಐದು ಗುಂಡುಗಳಲ್ಲಿ ಒಂದು ನಟ್ಟನಡುವೆ ಬಡಿಯಿತು. ಉಳಿದ ನಾಲ್ಕು ನಾಲ್ಕು ದಿಕ್ಕಿಗೆ. ನಾನು ಬೀಗುತ್ತಾ ನಿಂತೆ. ಪಕ್ಕದಲ್ಲಿ ನಕ್ಕವನದು ಒಂದೂ ನಡುವೆ ಬಿದ್ದಿರಲಿಲ್ಲ. ಐದೂ ಎಡಮೂಲೆಯಲ್ಲಿ, ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋಗುವಷ್ಟು ಒತ್ತಾಗಿದ್ದವು. ಟೀಮಿಗೆ ಆಯ್ಕೆಯಾದವನು ಅವನು! ಇದಕ್ಕೆ ಗ್ರೂಪಿಂಗ್ ಅನ್ನುತ್ತಾರೆ. ಒತ್ತಾದ ಗುಂಪನ್ನು ಸೈಟ್ ಸರಿಪಡಿಸಿ ನಡುವಿಗೆ ತರಬಹುದು. ಚದುರಿದ್ದಕ್ಕೆ ಯಾವ ಸ್ಕ್ರೂ ತಿರುಗಿಸೋದು, ಹೇಳಿ?

ಮುಂದಿನ ಸರದಿಯಲ್ಲಿ ಆದದ್ದನ್ನು ಹೇಳಲು ಇಂದಿಗೂ ನಾಚಿಕೆ. ಟ್ರಿಗರ್ ಒತ್ತಿದೆ, ‘ಟಿಕ್’ ಎಂದಿತು, ಗುಂಡು ಹಾರಲಿಲ್ಲ. “ಸಾಬ್, ಹಾರ್ತಾ ಇಲ್ಲ” ಎನ್ನುತ್ತಾ ರೈಫಲ್ ಸಮೇತ ಹಿಂದಕ್ಕೆ ತಿರುಗಿದೆ. ನಳಿಗೆಯ ಎದುರಿಗೆ ಸರದಿ ಕಾಯುತ್ತಾ ಕೂತ ಗೆಳೆಯರು! ಹವಾಲ್ದಾರರು ಒಂದೇ ನೆಗೆತಕ್ಕೆ ಬಂದು ನಳಿಗೆಯನ್ನು ನೆಲಕ್ಕೆ ಒತ್ತಿದರು. ಅವರ ಕೈ ನಡುಗುತ್ತಿತ್ತು. ಸಿಡಿಯದ ಗುಂಡು ತಡವಾಗಿ ಸಿಡಿಯಬಹುದು. ಆಗ ನಳಿಗೆಯನ್ನು ಟಾರ್ಗೆಟ್ಟಿನ ಕಡೆಗೇ ಇಟ್ಟು, ಬೆರಳು ತೆಗೆದು, ಕೈ ಎತ್ತಿ ಕಾಯಬೇಕು. ಈ ಪಾಠವನ್ನು ಹಿಂದಿನ ದಿನವೇ ಹೇಳಿದ್ದರು. ಸರಿಯಾಗಿ ಕೇಳಿಸಿಕೊಳ್ಳದವನು ನಾನು. ಅವರು ಬಯ್ಯಲಿಲ್ಲ, “ಶಿಸ್ತ್, ಬೇಟಾ” ಎಂದರು, ಅಷ್ಟೆ. ಗುರಿ ಎಂದೋ, ನಮ್ಮ ಶಿಸ್ತು ಎಂದೋ, ನಾನು ಕೇಳಲಿಲ್ಲ.

ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರ್ 2004ರಲ್ಲಿ ಕ್ವಾಲಾಲಂಪುರದ ಏಷ್ಯನ್ ಚಾಂಪಿಯನ್‌ಷಿಪ್ಪಿನ ಅರ್ಹತಾ ಸುತ್ತಿನಲ್ಲಿ 400ಕ್ಕೆ 400 ಅಂಕ ಗಳಿಸಿ ವಿಶ್ವದಾಖಲೆ ಸರಿಗಟ್ಟಿದರು. 10 ಮೀಟರ್ ಏರ್ ರೈಫಲ್. ಅದರ ಟಾರ್ಗೆಟ್ಟಿನಲ್ಲಿ ‘ಹತ್ತು’ ಎಂಬ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್, ಈ ವಾಕ್ಯದ ಕೊನೆಯ ಚುಕ್ಕೆಯಷ್ಟು. ನಲವತ್ತು ಸಲ ನಿಂತು, ನಲವತ್ತು ಸಲ ಉಸಿರು ಬಿಟ್ಟು, ನಲವತ್ತು ಸಲವೂ ಅದನ್ನೇ ಹೊಡೆಯುವುದು! ಅದೃಷ್ಟಕ್ಕೆ ಒಂದು ಗುಂಡು ನಡುವೆ ಬೀಳಬಹುದು, ನನಗೂ ಬಿದ್ದಿತ್ತು. ನಲವತ್ತು ಬೀಳುವುದಿಲ್ಲ.

ನಿಮ್ಮ ಕಾಲೇಜಿನಲ್ಲೂ ಎನ್.ಸಿ.ಸಿ. ಇದ್ದರೆ ಒಮ್ಮೆ ರೇಂಜಿಗೆ ಹೋಗಿ ಬನ್ನಿ, ಗೆಳೆಯರೇ. “ಶಿಸ್ತ್ ಲೋ” ಎಂದಾಗ ಅಂಗಿಯ ಗುಂಡಿ ತಡವಬೇಡಿ. ಆದರೆ ಆ ಮಾತಿಗೆ ಕನ್ನಡದ ಅರ್ಥವೂ ಇದೆ ಅನ್ನೋದನ್ನ ಮಾತ್ರ ಮರೆಯಬೇಡಿ.